ಮಗುವಿಗೆ ಫೆಲ್ಟ್ ಗೊಂಬೆ: ಯಾವ ಬಟ್ಟೆ, ಒಳಗೆ ಏನು, ಕಣ್ಣಿಗೆ ಏನು?

ನಾನು ಹಾಸನದಲ್ಲಿ ಮನೆಯಲ್ಲೇ ಹೊಲಿಗೆ ಮಾಡುವವಳು. ಮೊದಲೆಲ್ಲ ಬೀದಿಯವರು ಬ್ಲೌಸಿಗೆ ಹುಕ್ ಹಾಕಿಸಿಕೊಳ್ಳಲು, ಸೀರೆಗೆ ಫಾಲ್ ಹಚ್ಚಿಸಲು ಬರುತ್ತಿದ್ದರು. ಈಗ ಬಂದವರು ಫೋನ್ ಮುಂದೆ ಹಿಡಿಯುತ್ತಾರೆ. ಅದರಲ್ಲಿ ಎರಡು ಜಡೆಯ, ಕೆಂಪು ಕೆನ್ನೆಯ ಒಂದು ಫೆಲ್ಟ್ ಗೊಂಬೆ. ಫೆಲ್ಟ್ ಅಂದರೆ ನೇಯದೆ, ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ. "ಅಕ್ಕ, ಪಾಪು ಹುಟ್ಟಿದಹಬ್ಬಕ್ಕೆ ಇಂಥದ್ದು ನಾನೇ ಮಾಡ್ಬೇಕು. ಯಾವ ಬಟ್ಟೆ ತರ್ಲಿ?" ಅಂತಾರೆ.

ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಪಾಪುಗೆ ಎಷ್ಟು ವಯಸ್ಸು? ಪಾಪು ಇರೋದು ಎಲ್ಲಿ?

ಎರಡನೆಯದು ಕೇಳಿದಾಗ ನಗುತ್ತಾರೆ. ಆದರೆ ನನಗೆ ಈ ಪ್ರಶ್ನೆ ಕಲಿಸಿದ್ದು ನಾನೇ ಮಾಡಿದ ಮೊದಲ ಗೊಂಬೆ. ಅಣ್ಣನ ಮಗಳಿಗೆ ಅಂತ ಮಾಡಿದ್ದು. ಅಂಗಡಿಯಲ್ಲಿ ಸಿಕ್ಕ ತೆಳ್ಳನೆ ಫೆಲ್ಟ್ ಹಾಳೆ, ಒಳಗೆ ಹಳೇ ದಿಂಬಿನ ಅರಳೆ, ಕಣ್ಣಿಗೆ ನನ್ನ ಹಳೇ ಕೋಟಿನ ಎರಡು ಕಪ್ಪು ಗುಂಡಿ. ನೋಡಲು ಚೆನ್ನಾಗೇ ಇತ್ತು. ಅಣ್ಣನ ಮನೆ ಇರೋದು ಮೂಡಿಗೆರೆ ಕಡೆ, ತೋಟದೊಳಗೆ. ಜುಲೈನಲ್ಲಿ ಅತ್ತಿಗೆ ಗೊಂಬೆಯನ್ನು ಒಗೆದು ಒಲೆ ಮೇಲಿನ ಹಗ್ಗಕ್ಕೆ ನೇತು ಹಾಕಿದರು. ಹತ್ತು ದಿನವಾದರೂ ಹೊಟ್ಟೆ ಒಣಗಲಿಲ್ಲ. ಆಮೇಲೆ ಹಸಿರು ಬೂಷ್ಟು. ಒಂದು ಗುಂಡಿಯಂತೂ ಅದಕ್ಕೂ ಮೊದಲೇ ಕಿತ್ತು ಬಂದಿತ್ತು. ಮಗುವಿನ ಬಾಯಿಗೆ ಬೆರಳು ಹಾಕಿ ಅತ್ತಿಗೆ ಅದನ್ನು ತೆಗೆದರಂತೆ. ಫೋನಿನಲ್ಲಿ ನನಗೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆದ್ದರಿಂದ ನನ್ನ ಅಳತೆಗೋಲು ಹೀಗಿದೆ. ಮೊದಲು ಮಗುವಿನ ವಯಸ್ಸು. ಎರಡನೆಯದು ನೀರು, ಅಂದರೆ ಒಗೆದರೆ ಬೆಳಗಾಗುವುದರೊಳಗೆ ಒಣಗುತ್ತಾ ಅನ್ನೋದು. ಮೂರನೆಯದು ನಿಮ್ಮ ಹತ್ತಿರ ಇರುವ ಸಂಜೆಗಳು ಮತ್ತು ನಿಮ್ಮ ಕೈಯ ಅಭ್ಯಾಸ. ದುಡ್ಡು ಕೊನೆಗೆ. ಯಾಕೆಂದರೆ ಒಂದು ಗೊಂಬೆಗೆ ಬಟ್ಟೆ ಬೇಕಾಗೋದು ಬಹಳ ಕಡಿಮೆ.

ವಯಸ್ಸು ಮೊದಲು

ವರ್ಷ ತುಂಬದ ಮಗುವಿಗೆ ಫೆಲ್ಟ್ ಗೊಂಬೆ ಬೇಡವೇ ಬೇಡ. ಅಷ್ಟು ಚಿಕ್ಕ ಮಕ್ಕಳು ಮಲಗುವ ಜಾಗದಲ್ಲಿ ದಿಂಬು, ಮೆತ್ತನೆ ಆಟಿಕೆ ಯಾವುದೂ ಇರಬಾರದು ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಜೊತೆಗೆ ಆ ವಯಸ್ಸಿನ ಮಗುವಿಗೆ ಕೈಗೆ ಸಿಕ್ಕಿದ್ದೆಲ್ಲ ಊಟ. ಫೆಲ್ಟಿನ ನವಿರು ಎಳೆ ಬಾಯಿಗೆ ಹೋಗುತ್ತದೆ. ಅಜ್ಜಿಯ ಹಳೇ ಕಾಟನ್ ಸೀರೆಯ ತುಂಡಿಗೆ ತಲೆಯ ಭಾಗದಲ್ಲಿ ಒಂದು ಗಂಟು, ಕೈಗೆ ಎರಡು ಗಂಟು ಹಾಕಿ ಕೊಡಿ, ಸಾಕು. ಎಚ್ಚರವಿದ್ದಾಗ ಆಡಲಿ, ಮಲಗುವಾಗ ಎತ್ತಿಡಿ. ದಿನಾ ಒಗೆಯಬಹುದು, ಅರ್ಧ ಗಂಟೆ ಬಿಸಿಲು ಬಿದ್ದರೆ ಒಣಗುತ್ತದೆ.

ಒಂದರಿಂದ ಮೂರು ವರ್ಷದವರಿಗೆ ಮಾಡುವುದಾದರೆ ಗುಂಡಿ, ಮಣಿ, ಗೆಜ್ಜೆ ಯಾವುದನ್ನೂ ಮುಟ್ಟಬೇಡಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸಲು ಒಂದು ಕೊಳವೆ ಇರುತ್ತದೆ. ಅದರ ಬಾಯಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ಚೂರು ಯಾವುದೇ ಆದರೂ ಗಂಟಲಿಗೆ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ. ನಮ್ಮ ಹತ್ತು ರೂಪಾಯಿ ನಾಣ್ಯವೇ 27 ಮಿಲಿಮೀಟರ್. ಅಂದರೆ ಕೋಟಿನ ಗುಂಡಿಯೂ ಸಲೀಸಾಗಿ ಇಳಿಯುತ್ತದೆ. ನನ್ನ ಗುಂಡಿಯ ನೆನಪಾದಾಗಲೆಲ್ಲ ಈಗಲೂ ಎದೆ ಝಲ್ ಅನ್ನುತ್ತದೆ.

ಮೂರು ದಾಟಿದ ಮೇಲೆ ಗೊಂಬೆಯನ್ನು ಕತ್ತು ಹಿಡಿದು ಎಳೆದಾಡುವ ಕಾಲ. ಅಲ್ಲಿ ಬಟ್ಟೆಯ ಗಟ್ಟಿತನ ಮುಖ್ಯ. ಆರೇಳು ವರ್ಷದ ಮಗುವಾದರೆ ಗೊಂಬೆ ಕೊಡುವುದಕ್ಕಿಂತ ಜೊತೆಗೆ ಕೂತು ಮಾಡುವುದೇ ದೊಡ್ಡ ಉಡುಗೊರೆ.

ಅಂಗಡಿಯ ಹಾಳೆ ಫೆಲ್ಟ್

ಫೆಲ್ಟ್ ನೇಯ್ದ ಬಟ್ಟೆಯಲ್ಲ. ಕಂಬಳಿಗೆ ಹಾಸು ಹೊಕ್ಕು ಇದೆ, ಇದಕ್ಕಿಲ್ಲ. ಎಳೆಗಳನ್ನು ಒತ್ತಿ ಸಿಕ್ಕು ಹಾಕಿಸಿದ್ದು ಅಷ್ಟೇ. ಹಾಗಾಗಿ ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದಿಲ್ಲ, ಒಳಗೆ ಮಡಚಿ ಹೊಲಿಯುವ ಗೋಜಿಲ್ಲ. ಹೊಸಬರಿಗೆ ಇದೇ ದೊಡ್ಡ ಅನುಕೂಲ. ತೊಂದರೆಯೂ ಅದೇ. ಹಾಸು ಹೊಕ್ಕು ಇಲ್ಲದ್ದರಿಂದ ಜಗ್ಗಿದರೆ ತಡೆಯುವ ಶಕ್ತಿ ಕಡಿಮೆ.

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಾಗಲಿ ಸ್ಟೇಷನರಿ, ಫ್ಯಾನ್ಸಿ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಎ4 ಅಳತೆಯ ಹಾಳೆ. ಅಕ್ರಿಲಿಕ್ಕು ಇಲ್ಲವೇ ಪಾಲಿಯೆಸ್ಟರ್. ನಾನು ಒಂದಕ್ಕೆ 10ರಿಂದ 30 ರೂಪಾಯಿವರೆಗೆ ಕೊಟ್ಟಿದ್ದೇನೆ. ಹತ್ತು ಇಂಚಿನ ಗೊಂಬೆಗೆ ನಾಲ್ಕು ಹಾಳೆ ಸಾಕು: ಮೈಯ ಮುಂಭಾಗಕ್ಕೆ ಒಂದು, ಹಿಂಭಾಗಕ್ಕೆ ಒಂದು, ಕೂದಲಿಗೆ ಒಂದು, ಲಂಗಕ್ಕೆ ಒಂದು.

ಒಂದೇ ಬೆಲೆಯ ಹಾಳೆಗಳಲ್ಲೂ ಒಳ್ಳೆಯದು ಕೆಟ್ಟದ್ದು ಇರುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿಯಿರಿ. ಹಿಂದಿರುವ ಬೆರಳಿನ ನೆರಳು ಕಂಡರೆ ಅದು ಶಾಲೆಯ ಚಾರ್ಟಿಗೆ ಅಂಟಿಸಲು ಸರಿ, ಗೊಂಬೆಗಲ್ಲ. ಮೂಲೆಯೊಂದನ್ನು ಹೆಬ್ಬೆರಳಿನಿಂದ ಒಂದು ನಿಮಿಷ ಉಜ್ಜಿ. ಸಣ್ಣ ಸಣ್ಣ ಉಂಡೆ ಎದ್ದರೆ ಮಗುವಿನ ಕೈಯಲ್ಲಿ ತಿಂಗಳೊಪ್ಪತ್ತಿಗೆ ಗೊಂಬೆ ಮುದುಕಿಯಾಗುತ್ತದೆ. ಕೆಂಪು, ಕಡುನೀಲಿ ಹಾಳೆಯಾದರೆ ಮನೆಗೆ ತಂದು ಒದ್ದೆ ಬಿಳಿ ಕರ್ಚೀಫಿನಲ್ಲಿ ಒತ್ತಿ ನೋಡಿ. ಕರ್ಚೀಫ್ ಗುಲಾಬಿಯಾದರೆ ಆ ಹಾಳೆ ಬಾಯಿಗೆ ಹಾಕುವ ಮಗುವಿನ ಗೊಂಬೆಗೆ ಬೇಡ. ಗಟ್ಟಿ ರಟ್ಟಿನ ಹಾಗೆ ನಿಲ್ಲುವ ಹಾಳೆಯೂ ಬರುತ್ತದೆ. ಅದು ಗೊಂಬೆಗೆ ಬಗ್ಗುವುದಿಲ್ಲ, ಬಿಟ್ಟುಬಿಡಿ.

ಇದರ ಲಾಭ ನೀರಿನಲ್ಲಿದೆ. ಪಾಲಿಯೆಸ್ಟರ್ ನೀರು ಕುಡಿಯುವುದು ಕಡಿಮೆ, ಬೇಗ ಒಣಗುತ್ತದೆ. ಕುಗ್ಗುವುದಿಲ್ಲ. ನುಸಿ ತಿನ್ನುವುದಿಲ್ಲ. ಬೆಂಕಿಗೆ ಮಾತ್ರ ದೂರ ಇಡಬೇಕು, ಕರಗಿ ಅಂಟಿಕೊಳ್ಳುತ್ತದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಬಟ್ಟೆಯೆಲ್ಲ ಒಲೆಯ ಮೇಲೇ ಒಣಗೋದು ತಾನೆ, ಅದಕ್ಕೆ ಹೇಳಿದೆ.

ಇನ್ನೊಂದು ಮಾತು. ಪ್ಯಾಕೆಟ್ಟಿನಲ್ಲಿ 'ಸ್ಕಿನ್ ಕಲರ್' ಅಂತ ಬರುವ ಹಾಳೆ ನಮ್ಮ ಯಾರ ಮೈಬಣ್ಣವೂ ಅಲ್ಲ, ಒಂಥರಾ ಗುಲಾಬಿ. ಅಂಗನವಾಡಿಗೆ ಹೋಗುವ ಒಂದು ಹುಡುಗಿ ನನ್ನ ಗೊಂಬೆ ನೋಡಿ "ಇವಳಿಗೆ ಜ್ವರಾನಾ?" ಅಂದಳು. ಅವತ್ತಿನಿಂದ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣವನ್ನೇ ಹುಡುಕಿ ತರುತ್ತೇನೆ.

ಉಣ್ಣೆ ಫೆಲ್ಟ್, ಉಣ್ಣೆ ಬೆರೆತ ಫೆಲ್ಟ್

ಮುಟ್ಟಿದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಸೂಜಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ, ಹೊಲಿಗೆ ಬಟ್ಟೆಯೊಳಗೆ ಹುದುಗಿ ಕೂರುತ್ತದೆ. ಬಣ್ಣ ಕಣ್ಣಿಗೆ ಹೊಡೆಯುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ನನಗೆ ಸಿಕ್ಕಿಲ್ಲ, ಆನ್‌ಲೈನಿನಲ್ಲೇ ತರಿಸಿದ್ದು. ಬೆಲೆ ಅಂಗಡಿ ಹಾಳೆಯ ಹಲವು ಪಟ್ಟು. ಬಿಸಿ ನೀರಿಗೆ ಹಾಕಿದರೆ ಕುಗ್ಗುತ್ತದೆ. ಬೀರುವಿನಲ್ಲಿಟ್ಟರೆ ನುಸಿ ಬರುತ್ತದೆ. ಆ ಹೆದರಿಕೆಗೆ ನುಸಿಗುಳಿಗೆ (ನ್ಯಾಫ್ತಲಿನ್ ಗುಳಿಗೆ) ಹಾಕಿಡಬೇಡಿ. ಮಕ್ಕಳಿಗೆ ಅದರ ಆವಿಯೂ ಕೆಟ್ಟದ್ದು, ಬಾಯಿಗೆ ಹೋದರಂತೂ ಆಸ್ಪತ್ರೆಯೇ ಗತಿ. ಆಗಾಗ ಹೊರಗೆ ತೆಗೆದು ಕೊಡವಿ ಗಾಳಿಗೆ ಹಾಕಿ, ಅದೇ ಸಾಕು.

ಇವೆರಡರ ನಡುವೆ ಉಣ್ಣೆಗೆ ರೇಯಾನ್ ಬೆರೆಸಿದ್ದು ಬರುತ್ತದೆ. ಮೆತ್ತಗಿದೆ, ಶುದ್ಧ ಉಣ್ಣೆಯಷ್ಟು ದುಬಾರಿಯಲ್ಲ. ನನ್ನ ಕೈ ಹೋಗುವುದು ಇದಕ್ಕೇ. ಮೈಗೆ, ಮುಖಕ್ಕೆ ಮಾತ್ರ ಇದನ್ನು ತರಿಸಿ, ಲಂಗ ರವಿಕೆಗೆ ಮನೆಯಲ್ಲಿರುವ ಬ್ಲೌಸ್ ಪೀಸಿನ ಚೂರು ಬಳಸಿದರೆ ಖರ್ಚೂ ಹತೋಟಿಯಲ್ಲಿರುತ್ತದೆ.

"ಇಲ್ಲೇ ಕುರಿ ಇದೆಯಲ್ಲ, ಆ ಉಣ್ಣೆಯಿಂದ ಮಾಡ್ಬಹುದಾ?" ಅಂತ ಒಬ್ಬರು ಕೇಳಿದ್ದರು. ಹಾಸನ ಅನ್ನುವ ಹೆಸರಿನದೇ ಒಂದು ಕುರಿ ತಳಿ ಇದೆ. ಅದರ ಉಣ್ಣೆ ಒರಟು, ಕಂಬಳಿಗೆ ಹೇಳಿ ಮಾಡಿಸಿದ್ದು. ಗೊಂಬೆಯ ಕೆನ್ನೆಗೆ ಹಾಕಿದರೆ ಮುತ್ತು ಕೊಟ್ಟ ಮಗುವಿಗೆ ಚುಚ್ಚುತ್ತದೆ. ಆದರೆ ಹಳೇ ಕಂಬಳಿಯ ಚೂರಿನಿಂದ ಗೊಂಬೆಗೊಂದು ಕೊಪ್ಪೆ ಮಾಡಿ ಹೊದಿಸಿ ನೋಡಿ. ಮಲೆನಾಡಿನ ಅಜ್ಜಂದಿರು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಕಂಬಳಿ ನೇಯ್ದದ್ದು, ಅಂಚು ಬಿಚ್ಚುತ್ತದೆ. ಸುತ್ತ ಕಾಜಾ ಹೊಲಿಗೆ ಹಾಕಲೇಬೇಕು.

ಹಳೇ ಸ್ವೆಟರ್

ನನಗೆ ತೀರಾ ಇಷ್ಟವಾದ ದಾರಿ ಇದು. ಕಾಸು ಖರ್ಚಿಲ್ಲ, ಬಟ್ಟೆ ಮಾತ್ರ ಶುದ್ಧ ಉಣ್ಣೆ ಫೆಲ್ಟಿಗೆ ಸಮ. ತಾತನ ಸ್ವೆಟರು ಮೊಮ್ಮಗಳ ಗೊಂಬೆಯಾಗುತ್ತದೆ ಅಂದರೆ ಮನೆಯವರೂ ಖುಷಿಯಾಗಿ ಟ್ರಂಕ್ ತೆಗೆಯುತ್ತಾರೆ.

ಒಂದೇ ಷರತ್ತು, ಸ್ವೆಟರ್ ನಿಜವಾದ ಉಣ್ಣೆಯದ್ದಾಗಿರಬೇಕು. ನಾವು 'ಉಲ್ಲನ್' ಅನ್ನುವ ಎಷ್ಟೋ ಸ್ವೆಟರುಗಳು ಅಕ್ರಿಲಿಕ್. ನನ್ನ ಬೀರುವಿನ ಐದರಲ್ಲಿ ಉಣ್ಣೆಯದ್ದು ಒಂದೇ ಇತ್ತು. ಗೊತ್ತು ಮಾಡಿಕೊಳ್ಳುವುದು ಸುಲಭ. ಒಳ ಅಂಚಿನಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಕಡ್ಡಿ ಗೀರಿ ಮುಟ್ಟಿಸಿ. ಉಣ್ಣೆಯಾದರೆ ಚುರುಗುಟ್ಟಿ, ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತೆಗೆದ ಕೂಡಲೇ ಆರುತ್ತದೆ. ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಕಪ್ಪು ಗಟ್ಟಿ ಮಣಿಯಾಗುತ್ತದೆ. ಮೆಷಿನ್ನಿನಲ್ಲಿ ಒಗೆಯಬಹುದು ಅಂತ ಚೀಟಿಯಲ್ಲಿ ಬರೆದಿರುವ ಉಣ್ಣೆಯೂ ಬೇಡ. ಕುಗ್ಗದ ಹಾಗೆ ಹದ ಮಾಡಿರುತ್ತಾರೆ, ಎಷ್ಟು ಉಜ್ಜಿದರೂ ಫೆಲ್ಟ್ ಆಗುವುದಿಲ್ಲ.

ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿರುತ್ತವೆ. ಬಿಸಿ ನೀರು, ಸೋಪು, ಉಜ್ಜಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದ ಹಾಗೆ ಕೂರುತ್ತವೆ. ಮಾಡುವ ಕೆಲಸ ಇಷ್ಟೇ. ಬಚ್ಚಲ ಹಂಡೆಯ ಬಿಸಿ ನೀರನ್ನು ಬಕೆಟ್ಟಿಗೆ ತೋಡಿ, ಸೋಪಿನ ನೀರು ಮಾಡಿ, ರಬ್ಬರ್ ಗ್ಲೌಸ್ ಹಾಕಿಕೊಂಡು ಸ್ವೆಟರನ್ನು ಬಟ್ಟೆ ಕಲ್ಲಿನ ಮೇಲೆ ಉಜ್ಜಿ, ಹಿಂಡಿ, ತಣ್ಣೀರಿಗೆ ಅದ್ದಿ, ಮತ್ತೆ ಬಿಸಿ ನೀರಿಗೆ. ಉಣ್ಣೆ ಬಟ್ಟೆಗೆ ಏನೇನು ಮಾಡಬಾರದು ಅಂತ ಅಮ್ಮ ಹೇಳಿಕೊಟ್ಟಿದ್ದರೋ ಅದನ್ನೆಲ್ಲ ಮಾಡೋದು. ಹೆಣಿಗೆಯ ಕಣ್ಣುಗಳು ಮಸುಕಾಗುವವರೆಗೆ ಉಜ್ಜುತ್ತಲೇ ಇರಿ. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಸ್ವೆಟರ್ ಕಾಲು ಭಾಗಕ್ಕಿಂತ ಜಾಸ್ತಿ ಕುಗ್ಗಿತು. ತೋಳಿನ ತುದಿ ಕತ್ತರಿಸಿ ಎಳೆದು ನೋಡಿ. ಎಳೆ ಬಿಚ್ಚಿಕೊಳ್ಳದಿದ್ದರೆ ಬಟ್ಟೆ ತಯಾರು.

ದಪ್ಪ ಬಟ್ಟೆಯಾದ್ದರಿಂದ ಬೆರಳು, ಮೂಗು ಅಂತ ನಾಜೂಕು ಕೆಲಸ ಇದರಲ್ಲಿ ಆಗದು. ದುಂಡು ತಲೆ, ಮೊಂಡು ಕೈ. ಬಣ್ಣವೂ ಸ್ವೆಟರಿನದ್ದೇ, ಬೂದು ಇಲ್ಲ ಮರೂನ್. ಗೊಂಬೆಗಿಂತ ಆನೆಯೋ ಕರಡಿಯೋ ಮಾಡಿದರೆ ಚೆನ್ನ. ಒಣಗುವುದೂ ನಿಧಾನ. ಹಾಸನ, ಅರಸೀಕೆರೆ, ಕಡೂರಿನ ಕಡೆಗೆ ತೊಂದರೆಯಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮಗುವಿಗಾದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಹಾಕಬೇಡಿ ಅಂತ ಹೇಳಿಯೇ ಕೊಡಿ.

ಸೂಜಿ ಚುಚ್ಚಿ ಮಾಡುವ ಗೊಂಬೆ, ಕಿಟ್

ಬಿಡಿ ಉಣ್ಣೆಯನ್ನು ಕಚ್ಚುಗಳಿರುವ ಸೂಜಿಯಿಂದ ಚುಚ್ಚಿ ಚುಚ್ಚಿ ಮೂರ್ತಿಯ ಹಾಗೆ ರೂಪ ಕೊಡುವ ವಿಧಾನವೊಂದಿದೆ. ವಿಡಿಯೋಗಳಲ್ಲಿ ಎಲ್ಲರೂ ಮರುಳಾಗುವುದು ಇದಕ್ಕೇ. ಸೂಜಿ ಸೆಳೆತಕ್ಕೆ ಪಟ್ಟನೆ ಮುರಿಯುತ್ತದೆ, ತುದಿ ಒಳಗೇ ಉಳಿದರೆ ಹೊರಗಿನಿಂದ ಕಾಣುವುದಿಲ್ಲ. ಅದೊಂದೇ ಕಾರಣ ಸಾಕು, ಮಗು ತಬ್ಬಿಕೊಳ್ಳುವ ಗೊಂಬೆಯನ್ನು ನಾನು ಹೀಗೆ ಮಾಡುವುದಿಲ್ಲ. ಪಟ್ಟದ ಗೊಂಬೆಯ ಹಾಗೆ ದಸರಾದಲ್ಲಿ ಜೋಡಿಸಿ ನೋಡಲು ಬೇಕಿದ್ದರೆ ಮಾಡಿ.

ಕತ್ತರಿಸಿಟ್ಟ ಚೂರು, ದಾರ, ಪ್ಲಾಸ್ಟಿಕ್ ಸೂಜಿ ಎಲ್ಲ ಸೇರಿಸಿ ಬರುವ ಕಿಟ್ ಆರು ದಾಟಿದ ಮಕ್ಕಳ ಜೊತೆ ಕೂತು ಹೊಲಿಯಲು ಒಳ್ಳೆಯದು. ಬಟ್ಟೆ ತೆಳುವಿರುತ್ತದೆ. ಬಾಳಿಕೆಯ ಆಸೆ ಬೇಡ.

ಒಳಗೆ ಏನು ತುಂಬುವುದು

ಎಲ್ಲರೂ ಹೊರಗಿನ ಬಟ್ಟೆಗೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಗೊಂಬೆ ಹಾಳಾಗುವುದು ಒಳಗಿನಿಂದ.

ಅರಳೆ ಮನೆಯಲ್ಲೇ ಇರುತ್ತದೆ, ತೂಕ ಕೊಡುತ್ತದೆ, ಮಗುವಿಗೆ ಹಿತ. ಒಗೆದರೆ ಉಂಡೆಗಟ್ಟುತ್ತದೆ, ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೂರುಗದ ಅರಳೆ ಹಗುರ, ರೇಷ್ಮೆಯ ಹಾಗಿರುತ್ತದೆ. ಆದರೆ ತುಂಬುವಾಗ ಮನೆಯೆಲ್ಲ ಹಾರಿ ಮೂಗಿಗೆ ಹೋಗುತ್ತದೆ, ಹೊಲಿಗೆಯ ಸಂದಿಯಿಂದಲೂ ನುಸುಳುತ್ತದೆ. ದರ್ಜಿ ಅಂಗಡಿಯ ಚೂರು ಬಟ್ಟೆ ಪುಕ್ಕಟೆ ಸಿಗುತ್ತದೆ ಅಂತ ತುಂಬಿದರೆ ಗೊಂಬೆ ಕಲ್ಲುಗುಂಡು. ಅದನ್ನು ತಮ್ಮನ ತಲೆಗೆ ಎಸೆಯಲು ಅಕ್ಕನಿಗೆ ಅನುಕೂಲ, ಅಷ್ಟೆ.

ದಿಂಬಿಗೆ ಹಾಕುವ ಪಾಲಿಯೆಸ್ಟರ್ ಫೈಬರ್ ತುಂಬಿ. ಬಿಡಿಯಾಗಿ ಸಿಗದಿದ್ದರೆ ಕಡಿಮೆ ಬೆಲೆಯ ಹೊಸ ಫೈಬರ್ ದಿಂಬು ಒಂದನ್ನು ತಂದು ಬಿಚ್ಚಿ, ಮೂರ್ನಾಲ್ಕು ಗೊಂಬೆಗೆ ಆಗುತ್ತದೆ. ಪ್ಲಾಸ್ಟಿಕ್ ಬೇಡ ಅನ್ನುವ ಮನೆಯವರಿದ್ದರೆ, ಬಯಲುಸೀಮೆಯ ಕಡೆ ಅರಳೆ ಹಾಕಿ ತೊಂದರೆಯಿಲ್ಲ. ಘಟ್ಟದ ಮಳೆಯಲ್ಲಿ ಮಾತ್ರ ನಾನು ಪಟ್ಟು ಬಿಡುವುದಿಲ್ಲ, ಫೈಬರೇ.

ತುಂಬುವಾಗ ಚಿಟಿಕೆ ಚಿಟಿಕೆಯಾಗಿ, ಪೆನ್ಸಿಲ್ಲಿನ ಹಿಂಬದಿಯಿಂದ ನೂಕಿ. ಮೊದಲು ಕೈಕಾಲಿನ ತುದಿ, ಆಮೇಲೆ ಕತ್ತು. ಕತ್ತು ಒಂದೂವರೆ ಇಂಚಿಗಿಂತ ಸಪೂರ ಬೇಡ, ತಲೆ ಜೋತು ಬೀಳುತ್ತದೆ. ಜೋತು ಬೀಳದಿರಲಿ ಅಂತ ಒಳಗೆ ಐಸ್‌ಕ್ರೀಮ್ ಕಡ್ಡಿ ಇಡುವ ಬುದ್ಧಿವಂತಿಕೆ ಬೇಡವೇ ಬೇಡ.

ಕಣ್ಣು, ಕೂದಲು, ದಾರ

ಕಣ್ಣಿಗೆ ನಾಲ್ಕು ದಾರಿ. ಗುಂಡಿಯ ಕಥೆ ಆಗಲೇ ಹೇಳಿದೆ. ಹಿಂದಿನಿಂದ ಬಿಲ್ಲೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕಣ್ಣನ್ನು 'ಸೇಫ್ಟಿ' ಅಂತ ಮಾರುತ್ತಾರೆ. ಕಣ್ಣೇನೋ ಗಟ್ಟಿ, ಸುತ್ತಲಿನ ಫೆಲ್ಟ್ ಹರಿದು ಕಣ್ಣಿನ ಸಮೇತ ಈಚೆ ಬರುತ್ತದೆ. ಕಪ್ಪು ಫೆಲ್ಟಿನ ಬೊಟ್ಟು ಹೊಲಿಯಬಹುದು, ಅಂಟಿಸಬೇಡಿ. ಎಲ್ಲಕ್ಕಿಂತ ನೆಮ್ಮದಿಯದ್ದು ದಾರದ ಕಸೂತಿ ಕಣ್ಣು. ಎರಡು ಕಮಾನು ಹಾಕಿ ಮುಚ್ಚಿದ ರೆಪ್ಪೆ ಮಾಡಿದರೆ ಕೈ ಪಳಗದವರಿಗೂ ಬರುತ್ತದೆ. ಮುಖ ಕಸೂತಿ ಮಾಡುವುದು ಹಿಂಭಾಗ ಜೋಡಿಸುವ ಮೊದಲು, ಗಂಟು ಒಳಗೆ ಅಡಗಲಿ.

ಕೂದಲಿಗೆ ಉಲ್ಲನ್ ನೂಲು ಚೆಂದ. ಚಿಕ್ಕ ಮಕ್ಕಳಿಗೆ ಉದ್ದ ಎಳೆ ಕತ್ತಿಗೆ ಸುತ್ತಿಕೊಳ್ಳುತ್ತದೆ, ಕಿತ್ತು ಬಾಯಿಗೂ ಹಾಕುತ್ತಾರೆ. ಮೂರರ ಒಳಗಿನವರಿಗೆ ಫೆಲ್ಟಿನ ತುಂಡನ್ನೇ ಕೂದಲಿನ ಆಕಾರಕ್ಕೆ ಕತ್ತರಿಸಿ ಹೊಲಿಯಿರಿ. ಮಲ್ಲಿಗೆ ಬೇಕು ಅನ್ನಿಸಿದರೆ ಬಿಳಿ ದಾರದ ಗಂಟು ಹೊಲಿಗೆ ಸಾಕು.

ಕಸೂತಿ ದಾರದಲ್ಲಿ ಆರು ಎಳೆ ಇರುತ್ತದೆ. ಎರಡೆಳೆ ತೆಗೆದು ಅಂಚಿಗೆ ಕಾಜಾ ಹೊಲಿಗೆ ಹಾಕಿ. ಅಂಚಿನಿಂದ ಹೊಲಿಗೆ ಒಳಗೆ ಇಳಿಯುವ ಜಾಗ ಅಕ್ಕಿ ಕಾಳಿನ ಅರ್ಧದಷ್ಟಾದರೂ ಇರಲಿ. ತೀರಾ ಅಂಚಿಗೆ ಚುಚ್ಚಿದರೆ ಫೆಲ್ಟ್ ಹರಿದು ಹಲ್ಲು ಹಲ್ಲಾಗುತ್ತದೆ. ಕಂಕುಳು ಮತ್ತು ಎರಡು ಕಾಲು ಕೂಡುವ ಜಾಗದಲ್ಲಿ ಒಂದರ ಮೇಲೊಂದು ಮೂರು ಸಲ ಹಾಕಿ. ಮುಗಿದ ಮೇಲೆ ಒಂದೊಂದು ಕೈಯನ್ನೂ ಹಿಡಿದು ಕೋಪ ಬಂದವರ ಹಾಗೆ ಎಳೆಯಿರಿ. ಕಿತ್ತು ಬರುವುದಿದ್ದರೆ ನಿಮ್ಮ ಕೈಯಲ್ಲೇ ಬರಲಿ.

ಹಾಗಾದರೆ ನಿಮಗೆ ಯಾವುದು?

ನಾಳಿದ್ದೇ ಹುಟ್ಟಿದಹಬ್ಬ, ಕೈಯಲ್ಲಿ ಇನ್ನೂರು ರೂಪಾಯಿ ಅಂದರೆ ಅಂಗಡಿ ಹಾಳೆ, ಫೈಬರ್, ದಾರದ ಕಣ್ಣು. ಎರಡು ಸಂಜೆಯ ಕೆಲಸ. ಎರಡು ವರ್ಷದ ಮಗುವಿಗೆ, ಅದೂ ಘಟ್ಟದ ಕಡೆ ಅಂದರೂ ಇದೇ, ಉಂಡೆ ಏಳದ ದಪ್ಪ ಹಾಳೆಯನ್ನು ಹುಡುಕಿ ತರಬೇಕು ಅಷ್ಟೆ. ತಿಂಗಳು ಸಮಯವಿದೆ, ಮಗುವಿಗೆ ನಾಲ್ಕೈದು ವರ್ಷ, ಮಗು ದೊಡ್ಡದಾಗುವವರೆಗೆ ಗೊಂಬೆ ಉಳಿಯಲಿ ಅನ್ನುವವರು ಉಣ್ಣೆ ಬೆರೆತದ್ದನ್ನು ತರಿಸಿ. ಹಾಸ್ಟೆಲಿಗೆ ಹೊರಟ ಹುಡುಗಿಗೋ ಹುಡುಗನಿಗೋ ಆದರೆ ನಾನಂತೂ ಮನೆಯ ಸ್ವೆಟರನ್ನೇ ಬಿಸಿ ನೀರಿಗೆ ಹಾಕುತ್ತೇನೆ. ಅಪ್ಪನ ಸ್ವೆಟರಿನ ಕರಡಿಯನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಮಾರುವ ಯೋಚನೆ ಇದ್ದರೆ ಲೆಕ್ಕವೇ ಬೇರೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಉಡುಗೊರೆಗೆ ಮಾಡುವವರಿಗೆ ಆ ಗೋಜಿಲ್ಲ.

ಒಗೆಯುವ ರೀತಿಯನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ: ತಣ್ಣೀರು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತುವುದು, ನೆರಳಿನಲ್ಲಿ ಮಲಗಿಸಿ ಒಣಗಿಸುವುದು. ಅದೇ ಬಣ್ಣದ ಅಂಗೈಯಗಲ ಫೆಲ್ಟ್ ಮತ್ತು ಒಂದು ಮಾರು ದಾರವನ್ನು ನಿಮ್ಮ ಹತ್ತಿರವೇ ಎತ್ತಿಡಿ. ಅಣ್ಣನ ಮಗಳಿಗೆ ಆಮೇಲೆ ಮಾಡಿಕೊಟ್ಟ ಎರಡನೇ ಗೊಂಬೆ ಈಗ ಮೂರು ಮಳೆಗಾಲ ಕಂಡಿದೆ. ಹೋದ ತಿಂಗಳು ಅತ್ತಿಗೆ ಹಾಸನಕ್ಕೆ ಬಂದಾಗ ಬ್ಯಾಗಿನಿಂದ ಅದನ್ನು ತೆಗೆದು ಟೇಬಲ್ ಮೇಲಿಟ್ಟರು. ಬಲಗೈ ಒಂದು ಎಳೆಯಲ್ಲಿ ನೇತಾಡುತ್ತಿತ್ತು. "ಸಂಜೆ ಬಸ್ಸಿಗೆ ವಾಪಸ್ ಕರ್ಕೊಂಡು ಹೋಗ್ಬೇಕಂತೆ, ಇಲ್ಲದಿದ್ರೆ ರಾತ್ರಿ ನಿದ್ದೆ ಇಲ್ಲ ನಮಗೆ" ಅಂದರು. ಎತ್ತಿಟ್ಟ ದಾರ ಡಬ್ಬಿಯಲ್ಲೇ ಇತ್ತು. ಕಾಫಿ ಆರುವುದರೊಳಗೆ ಹೊಲಿದು ಕೊಟ್ಟೆ.